ಕಿಟಕಿ ಕೊರೆದ ಪೆಟ್ಟಿಗೆ

ನಮ್ಮೂರಲ್ಲಿ ಯಾವ ಮನೆಗೂ ಪಾಯ ಇಲ್ಲ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ನದಿ, ನಡುವೆ ಉದ್ದಕ್ಕೆ ಮೈಚಾಚಿ ಮಲಗಿದ ಒಂದು ಮರಳದಿಣ್ಣೆ, ಅದರ ಮೇಲೆ ಸಾಲಿಗೆ ಹತ್ತರಂತೆ ಹನ್ನೆರಡು ಸಾಲು ಕಂಟೇನರುಗಳು. ಊರೆಂದರೆ ಇಷ್ಟೇ. ಪ್ರತಿವರ್ಷ ಮಳೆ ನಿಂತ ಮೇಲಿನ ಮೊದಲ ಹುಣ್ಣಿಮೆಗೆ ದಿಣ್ಣೆಯ ಉತ್ತರದ ತುದಿಯಲ್ಲಿ ಮೂರು ಸಾಲಿಗಾಗುವಷ್ಟು ಹೊಸ ಮರಳು ಎದ್ದು ನಿಲ್ಲುತ್ತದೆ. ಅದರ ಮುಂದಿನ ಅಮಾವಾಸ್ಯೆಗೆ ಸಮುದ್ರ ಬಂದು ದಕ್ಷಿಣದ ತುದಿಯಿಂದ ಮೂರು ಸಾಲಿನ ಜಾಗ ತೆಗೆದುಕೊಂಡು ಹೋಗುತ್ತದೆ. ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ನಡುವಿನ ಹದಿನೈದು ದಿನಗಳಲ್ಲಿ ಕೊನೆಯ ಮೂವತ್ತು ಮನೆಗಳನ್ನು ಎತ್ತಿ ಮುಂದೆ ಇಡಬೇಕು. ನಕ್ಷೆ ಬರೆಯುವವರು ನಮ್ಮಲ್ಲಿಗೆ ಎರಡು ಸಲ ಬಂದಿದ್ದರು. ಮೊದಲ ಸಲ ಬರೆದುಕೊಂಡು ಹೋದ ಜಾಗವನ್ನು ಎರಡನೆಯ ಸಲ ಹುಡುಕಿಕೊಂಡು ಬಂದಾಗ ಅಲ್ಲಿ ಮೀನುಗಳಿದ್ದವು. ಆಮೇಲೆ ಅವರು ಬರಲಿಲ್ಲ.

ನಾನು ವಾರಿಜಾ, ಊರಿನ ಪೆಟ್ಟಿಗೆ ನೋಡುವವಳು. ಕಂಟೇನರಿಗೆ ನಾವು ಪೆಟ್ಟಿಗೆ ಎನ್ನುತ್ತೇವೆ. ಶಾಲೆ, ಹಿಟ್ಟಿನ ಗಿರಣಿ, ಅಕ್ಕಿಯ ದಾಸ್ತಾನು, ಒಣಮೀನು, ದವಾಖಾನೆ ಎಲ್ಲವೂ ಪೆಟ್ಟಿಗೆಯಲ್ಲೇ. ಒಂದು ಪೆಟ್ಟಿಗೆಯನ್ನು ಎತ್ತುವ ಮೊದಲು ಅದು ಎತ್ತಲು ತಕ್ಕದ್ದು ಹೌದೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸ. ಮನೆಯವರನ್ನೆಲ್ಲ ಹೊರಗೆ ಕಳಿಸಿ, ನಾನೊಬ್ಬಳೇ ಒಳಗೆ ನಿಂತು ಎರಡೂ ಬಾಗಿಲು ಮುಚ್ಚಿಸಿಕೊಳ್ಳುತ್ತೇನೆ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಗೋಡೆಗಳಲ್ಲಿ, ತಲೆಯ ಮೇಲಿನ ತಗಡಿನ ಮಾಡಿನಲ್ಲಿ ಎಲ್ಲಿಯಾದರೂ ಬೆಳಕಿನ ಚುಕ್ಕೆ ಕಂಡರೆ ಅದು ತುಕ್ಕು ತಿಂದ ತೂತು. ಹೊರಗೆ ಬಂದು ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ, ನೆಲದ ಹಲಗೆಯನ್ನು ಹಿಮ್ಮಡಿಯಲ್ಲಿ ತುಳಿಯುತ್ತೇನೆ, ನಾಲ್ಕು ಮೂಲೆಗಂಬಗಳಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸದ್ದು ಕೇಳುತ್ತೇನೆ. ಎಲ್ಲ ಸರಿಯಿದ್ದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ. ಸೊನ್ನೆ ಇಲ್ಲದ ಪೆಟ್ಟಿಗೆಯನ್ನು ಕ್ರೇನು ಮುಟ್ಟುವುದಿಲ್ಲ.

ಹೊಸಬರು ಪೆಟ್ಟಿಗೆಯ ಭಾರವನ್ನೆಲ್ಲ ಗೋಡೆಗಳು ಹೊರುತ್ತವೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಹಡಗಿನಲ್ಲಿ ಒಂದರ ಮೇಲೊಂದು ಏಳೆಂಟು ಪೆಟ್ಟಿಗೆ ಪೇರಿಸುತ್ತಾರಲ್ಲ, ಅಷ್ಟೂ ಭಾರ ಇಳಿಯುವುದು ನಾಲ್ಕು ಮೂಲೆಗಂಬಗಳ ಮೇಲೆ. ಹಾಗೆಂದು ಗೋಡೆ ಸುಮ್ಮನೆ ಕೂತಿಲ್ಲ. ಆ ತಗಡು ಮಡಿಕೆ ಮಡಿಕೆಯಾಗಿ ಇರುವುದು ಚಂದಕ್ಕಲ್ಲ. ನಾಲ್ಕು ಮೂಲೆಯ ಕಣ್ಣುಗಳಿಗೆ ಸರಪಳಿ ಹಾಕಿ ಎತ್ತಿದಾಗ ಪೆಟ್ಟಿಗೆಯ ನಡು ಬಾಗದಂತೆ ಹಿಡಿಯುವುದು ಆ ಮಡಿಕೆಗಳು. ಅವನ್ನು ಕೊರೆದರೆ ನೆಲದ ಮೇಲೆ ಇರುವಷ್ಟು ದಿನ ಏನೂ ಆಗುವುದಿಲ್ಲ. ಗಾಳಿಗೆ ಎತ್ತಿದಾಗ ಗೊತ್ತಾಗುತ್ತದೆ.

ಗೊತ್ತಾದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಆಗ ಪೆಟ್ಟಿಗೆ ನೋಡುತ್ತಿದ್ದವರು ನನ್ನ ಅಪ್ಪ. ಒಂದು ಮನೆಯಲ್ಲಿ ಬಾಣಂತಿ ಸೆಕೆಗೆ ಬೇಯುತ್ತಿದ್ದಾಳೆಂದು ಮನೆಯವರು ಪಕ್ಕದ ಗೋಡೆಯಲ್ಲಿ ಇನ್ನೊಂದು ಬಾಗಿಲು ಕೊರೆದಿದ್ದರು. ಅಪ್ಪ ನೋಡಿದರು, ಮಗುವನ್ನು ನೋಡಿದರು, ಸೊನ್ನೆ ಹಾಕಿದರು. ಪೆಟ್ಟಿಗೆ ಒಂದಾಳೆತ್ತರಕ್ಕೆ ಏರುವಷ್ಟರಲ್ಲಿ ನೆನೆದ ರಟ್ಟಿನ ಹಾಗೆ ನಡುವೆ ಮಡಚಿಕೊಂಡಿತು. ಅದು ತಿರುಗದಂತೆ ಕೆಳಗೆ ಹಗ್ಗ ಹಿಡಿದು ನಿಂತಿದ್ದವನು ತನಿಯಪ್ಪ; ಅದರಡಿಯಿಂದ ಅವನು ಎದ್ದು ಬರಲಿಲ್ಲ. ಮೇಲೆ ಕ್ರೇನಿನಲ್ಲಿ ಕೂತಿದ್ದವರು ಅವನ ಅಣ್ಣ ಐತಪ್ಪ. ಅಂದಿನಿಂದ ಊರಿಗೆ ಒಂದು ಕಟ್ಟಳೆ: ಕೊರೆದ ಪೆಟ್ಟಿಗೆಯನ್ನು ಎತ್ತುವಂತಿಲ್ಲ. ಅಪ್ಪ ಮೂರನೆಯ ದಿನ ಸುತ್ತಿಗೆ ಮತ್ತು ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ಇನ್ನೂ ಒಂಬತ್ತು ವರ್ಷ ಬದುಕಿದ್ದರು. ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಐತಪ್ಪಣ್ಣ ಕ್ರೇನು ಬಿಡಲಿಲ್ಲ. ಇಪ್ಪತ್ತೆರಡು ವರ್ಷ ನಾನು ಸೊನ್ನೆ ಹಾಕುವುದು, ಅವರು ಎತ್ತುವುದು. ಕೆಲಸದ ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ.

ಆ ವರ್ಷ ಹುಣ್ಣಿಮೆಯ ಮರುದಿನ ಬೆಳಿಗ್ಗೆ ನೋಣಯ್ಯಣ್ಣನ ಮನೆಗೆ ಹೋದೆ. ಅವರು ದರ್ಜಿ. ಕೊನೆಯಿಂದ ಮೂರನೆಯ ಸಾಲಿನಲ್ಲಿ ಪಡುವಣದ ತುದಿಯ ಮನೆ ಅವರದು. ಹೆಂಡತಿ ಪದ್ದಕ್ಕ ನಾಲ್ಕು ವರ್ಷದ ಹಿಂದೆ ನದಿಯ ಕಡೆಯ ಮೆಟ್ಟಿಲಲ್ಲಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಬಾಗಿಲಲ್ಲಿ ನೋಣಯ್ಯಣ್ಣ ನಿಂತ ರೀತಿಯಲ್ಲೇ ನನಗೆ ಏನೋ ಅನ್ನಿಸಿತು. ಯಾವಾಗಲೂ ಹೊರಗೆ ಬಂದು ಕರೆಯುವವರು ಆ ದಿನ ಚೌಕಟ್ಟಿಗೆ ಅಂಟಿಕೊಂಡಿದ್ದರು.

"ಈ ಸಲ ಒಳಗೆ ನೋಡ್ಬೇಕಂತ ಇಲ್ಲ ವಾರಿಜಕ್ಕ. ಹೋದ ಸಲದ ಹಾಗೇ ಉಂಟು ಎಲ್ಲ," ಎಂದರು.

"ಹೋದ ಸಲ ನೋಡಿ ನಾಲ್ಕು ವರ್ಷ ಆಯ್ತು ನೋಣಯ್ಯಣ್ಣ. ಸರಿ, ಜರುಗಿ."

ಒಳಗೆ ಎಂದಿನ ಕತ್ತಲೆ ಇರಲಿಲ್ಲ. ಪಡುವಣ ಗೋಡೆಯ ನಡುವೆ, ಪದ್ದಕ್ಕನ ಮಂಚದ ನೇರಕ್ಕೆ, ಮೂರು ಅಡಿ ಅಗಲ ಎರಡು ಅಡಿ ಎತ್ತರದ ಕಿಟಕಿ. ಅಂಚಿನ ತಗಡು ಕೈಗೆ ತಾಗದ ಹಾಗೆ ಹಳೆಯ ಪ್ಯಾಂಟಿನ ಬಟ್ಟೆ ಮಡಚಿ ಹೊಲಿದಿದ್ದರು. ಕೊರೆದು ತೆಗೆದ ತಗಡಿಗೇ ತಿರುಗಣೆ ಹಾಕಿ ಹೊರಗಿನಿಂದ ಮುಚ್ಚಳ ಮಾಡಿದ್ದರು. ಮುಚ್ಚಿದರೆ ಮಡಿಕೆಗೆ ಮಡಿಕೆ ಕೂಡಿ, ದಾರಿಯಲ್ಲಿ ಹೋಗುವವರಿಗೆ ಗೊತ್ತೇ ಆಗದಷ್ಟು ನಾಜೂಕು. ದರ್ಜಿಯ ಕೈ. ಪದ್ದಕ್ಕ ದಿಂಬಿಗೆ ಒರಗಿ ಕೂತು ಹೊರಗೆ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

"ಎಷ್ಟು ಸಮಯ ಆಯ್ತು ಇದು ಮಾಡಿ?" ಎಂದು ಕೇಳಿದೆ.

"ಎರಡು ವರ್ಷ," ಎಂದರು ನೋಣಯ್ಯಣ್ಣ. "ಮಾಡು ಬೆವರಿ ಅವಳ ಮುಖದ ಮೇಲೆ ಹನಿ ಬೀಳ್ತಿತ್ತು ವಾರಿಜಕ್ಕ. ಮಲಗಿದ್ದಲ್ಲೇ ಒರೆಸ್ಕೊಳ್ತಿದ್ಳು. ಒಂದು ದಿನ ಕೇಳಿದ್ಳು, ಈಗ ಹಗಲಾ ರಾತ್ರಿಯಾ ಅಂತ. ಮಧ್ಯಾಹ್ನ ಹನ್ನೆರಡು ಗಂಟೆ ಆಗ. ನನಗೆ ತಡೀಲಿಕ್ಕೆ ಆಗ್ಲಿಲ್ಲ."

ಪೆಟ್ಟಿಗೆ ಬೆವರುವುದು ನನಗೆ ಗೊತ್ತು. ಬಿಸಿಲಿಗೆ ಕಾದ ಉಕ್ಕಿನ ಒಳಗೆ ಉಸಿರಿನ ಆವಿ ಸೇರಿ, ಸಂಜೆ ತಣ್ಣಗಾದಾಗ ಮಾಡಿನಿಂದ ಹನಿ ಉದುರುತ್ತದೆ. ಅಕ್ಕಿಯ ದಾಸ್ತಾನಿನಲ್ಲಿ ಅದಕ್ಕೇ ಚೀಲಗಳ ಮೇಲೆ ಗೋಣಿ ಹೊದಿಸುತ್ತೇವೆ. ಮನುಷ್ಯರ ಮೇಲೆ ಏನು ಹೊದಿಸುವುದೆಂದು ಯಾರೂ ಯೋಚಿಸಿರಲಿಲ್ಲ. ನಾನು ಸುತ್ತಿಗೆಯನ್ನು ಚೀಲಕ್ಕೆ ಹಾಕಿದೆ.

"ನನಗೆ ಸೊನ್ನೆ ಹಾಕ್ಲಿಕ್ಕೆ ಆಗುದಿಲ್ಲ," ಎಂದೆ. "ಯಾಕಂತ ನಿಮಗೆ ಗೊತ್ತುಂಟು."

"ಗೊತ್ತುಂಟು," ಎಂದರು. ಆಮೇಲೆ ಬೇಗ ಬೇಗ ಹೇಳಿದರು, "ಈಗಲೇ ಮುಚ್ಚಿಸ್ತೇನೆ. ತಗಡು ಇದೆಯಲ್ಲ, ಹಸನಬ್ಬನ ಕೈಯಲ್ಲಿ ಬೆಸುಗೆ ಹಾಕಿಸಿದ್ರೆ ಮೊದಲಿನ ಹಾಗೇ ಆಗ್ತದೆ."

ಪದ್ದಕ್ಕ ಆಗ ತಿರುಗಿದರು. "ಮುಚ್ಚುದಾದ್ರೆ ಮುಚ್ಚಿ. ನಾನೇನೂ ಹೇಳುದಿಲ್ಲ. ಆದ್ರೆ ವಾರಿಜ, ಸಮುದ್ರ ಒಯ್ಯುದಾದ್ರೆ ಪೆಟ್ಟಿಗೆ ಕಿಟಕಿ ಸಮೇತ ಹೋಗ್ಲಿ. ಮುಚ್ಚಿದ ಮೇಲೂ ಹೋಗುದೇ ಅಂತ ಆದ್ರೆ ಮುಚ್ಚುದು ಬೇಡ. ಅಷ್ಟು ದಿನ ಆದ್ರೂ ಹೊರಗೆ ನೋಡ್ತೇನೆ."

ಅವರು ಹೇಳಿದ್ದು ಸರಿಯಾಗಿತ್ತು. ತೇಪೆ ಹಾಕಿದರೂ ಅದು ಕೊರೆದ ಪೆಟ್ಟಿಗೆಯೇ. ಕಟ್ಟಳೆಯಲ್ಲಿ ತೇಪೆಗೆ ಜಾಗವಿರಲಿಲ್ಲ. ಇನ್ನೊಂದು ಪೆಟ್ಟಿಗೆ ಕೊಡೋಣವೆಂದರೆ ಊರಲ್ಲಿ ಹೆಚ್ಚಿನದ್ದು ಒಂದೂ ಇರಲಿಲ್ಲ. ಯಾವುದಾದರೂ ಹಡಗು ಹಳತಾದ ಪೆಟ್ಟಿಗೆಯನ್ನು ನಮಗೆ ಬಿಟ್ಟು ಹೋಗುವುದು ಎರಡು ಮೂರು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಪದ್ದಕ್ಕ ಶಾಲೆಯ ಮೂಲೆಯಲ್ಲೋ ಗಿರಣಿಯ ಹಿಂದೆಯೋ ಮಲಗಬೇಕು. ನಾನು ಹೊರಬಿದ್ದೆ. ಆ ದಿನದ ಉಳಿದ ಮನೆಗಳನ್ನು ನೋಡಿದೆ, ಸೊನ್ನೆ ಹಾಕಿದೆ, ಆದರೆ ಎಲ್ಲ ಮನೆಯಲ್ಲೂ ಬಾಗಿಲು ಮುಚ್ಚಿಸಿಕೊಂಡು ಕತ್ತಲಲ್ಲಿ ನಿಂತಾಗ ಇಷ್ಟು ವರ್ಷ ಅನ್ನಿಸದ ಉಸಿರುಗಟ್ಟುವಿಕೆ ಅನ್ನಿಸಿತು.

ಅಪ್ಪನ ಬಗ್ಗೆ ಯೋಚಿಸುತ್ತಿದ್ದೆ. ಅವರು ಮಾಡಿದ ತಪ್ಪು ಏನು? ಮರುಕ ಪಟ್ಟದ್ದು ಎಂದೇ ಊರು ತಿಳಿದಿತ್ತು, ನಾನೂ ಹಾಗೇ ತಿಳಿದಿದ್ದೆ. ಅದಕ್ಕೇ ಸೀಮೆಸುಣ್ಣ ಹಿಡಿದ ದಿನದಿಂದ ಯಾರ ಮಗುವಿನ ಮುಖವನ್ನೂ ನಾನು ನೋಡುತ್ತಿರಲಿಲ್ಲ, ಮೂಲೆಗಂಬ ಮಾತ್ರ ನೋಡುತ್ತಿದ್ದೆ. ಆದರೆ ಆ ದಿನ ಮಧ್ಯಾಹ್ನ ಒಣಮೀನಿನ ಪೆಟ್ಟಿಗೆಯ ನೆರಳಲ್ಲಿ ಕೂತು ಗಂಜಿ ಕುಡಿಯುವಾಗ ಬೇರೆಯೇ ಹೊಳೆಯಿತು. ಅಪ್ಪ ಮರುಕ ಪಟ್ಟು ಅಲ್ಲಿಗೇ ನಿಲ್ಲಿಸಿದರು. ಕೊರೆದು ತೆಗೆದ ಬಲವನ್ನು ತಿರುಗಿ ಕೊಡುವ ಕೆಲಸ ಬಾಕಿ ಇತ್ತು, ಅದನ್ನು ಮಾಡದೆ ಸೊನ್ನೆ ಹಾಕಿದರು. ಬಾಗಿಲಿನ ಸುತ್ತ ಉಕ್ಕಿನ ಚೌಕಟ್ಟು ಕೂಡಿಸಿದ್ದರೆ?

ಹಸನಬ್ಬನ ಹತ್ತಿರ ಹೋದೆ. ಅವನು ಊರಿನ ಬೆಸುಗೆಯವನು. ಕಣ್ಣಿಗೆ ಹಿಡಿಯುವ ಕಪ್ಪು ಗಾಜನ್ನು ಹಣೆಗೇರಿಸಿ ನನ್ನ ಮಾತನ್ನೆಲ್ಲ ಕೇಳಿದ.

"ಕಿಟಕಿಯ ಎರಡೂ ಪಕ್ಕ ಮೇಲಿನ ತೊಲೆಯಿಂದ ಕೆಳಗಿನ ತೊಲೆಯವರೆಗೆ ಉಕ್ಕಿನ ಕಂಬ ನಿಲ್ಲಿಸ್ಬೇಕು," ಎಂದ. "ಮೇಲೆ ಕೆಳಗೆ ಅಡ್ಡಪಟ್ಟಿ. ಮೂಲೆಗೆ ಓರೆ ಆಧಾರ. ಹಳೇ ಕ್ರೇನಿನ ಮುರಿದ ತೋಳು ಬಿದ್ದಿದೆಯಲ್ಲ, ಅದರಿಂದ ಕತ್ತರಿಸಿದ್ರೆ ಉಕ್ಕು ಸಿಕ್ತದೆ. ಎರಡು ದಿನದ ಕೆಲಸ. ಗೋಡೆಗಿಂತ ಗಟ್ಟಿ ಮಾಡಿ ಕೊಡ್ತೇನೆ ವಾರಿಜಕ್ಕ. ಆದ್ರೆ ಎತ್ತುವವರು ಯಾರು?"

ಎತ್ತುವವರು ಒಬ್ಬರೇ. ಐತಪ್ಪಣ್ಣ ಕ್ರೇನಿನ ಚಕ್ರದ ಬಳಿ ಕೂತು ಸರಪಳಿಗೆ ಗ್ರೀಸು ಹಚ್ಚುತ್ತಿದ್ದರು. ನಾನು ನಿಂತೇ ಹೇಳಿದೆ. ಅವರು ಕೊನೆಯವರೆಗೂ ತಲೆ ಎತ್ತಲಿಲ್ಲ.

"ಇಲ್ಲ," ಎಂದರು.

"ಚೌಕಟ್ಟು ಹಾಕಿದ ಮೇಲೂ?"

"ನೀನು ಚಿನ್ನದ ಚೌಕಟ್ಟು ಹಾಕು. ಅವತ್ತು ನಿನ್ನ ಅಪ್ಪ ಸೊನ್ನೆ ಹಾಕಿದ್ರು, ನಾನು ನಂಬಿ ಎಳೆದೆ. ಎಳೆದದ್ದು ಈ ಕೈ."

ಅವರು ಗ್ರೀಸು ಮೆತ್ತಿದ ಬಲಗೈಯನ್ನು ನನ್ನ ಮುಂದೆ ಹಿಡಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಆ ದಿನದ ಮಾತು ಬಂದಿತ್ತು. ನನಗೆ ಅಲ್ಲಿಂದ ಹೋಗಬೇಕೆನ್ನಿಸಿತು. ಹೋಗಲಿಲ್ಲ.

"ನನ್ನ ಸೊನ್ನೆ ನಂಬಬೇಡಿ ಐತಪ್ಪಣ್ಣ," ಎಂದೆ. "ಪೆಟ್ಟಿಗೆಯನ್ನೇ ಕೇಳುವ. ಖಾಲಿ ಮಾಡಿ, ಒಳಗೆ ಮನೆಯ ಎರಡರಷ್ಟು ಭಾರ ಮರಳು ತುಂಬಿಸಿ ಎತ್ತುವ. ಸುತ್ತ ಐವತ್ತು ಮಾರು ಒಂದು ನಾಯಿಯೂ ಇರಬಾರದು. ಹಗ್ಗ ಹಿಡಿಯುವವರೂ ಬೇಡ. ಬಿದ್ರೆ ಮರಳು ಬೀಳ್ತದೆ."

ಅವರು ಕೈಯ ಗ್ರೀಸನ್ನು ಚಿಂದಿಗೆ ಒರೆಸಿದರು. ಆಮೇಲೆ ಕೇಳಿದ್ದು ಬೇರೆ ಪ್ರಶ್ನೆ. "ಒಂದು ಇಳಿತಕ್ಕೆ ಎರಡು ಮನೆ. ಹದಿನೈದು ಇಳಿತ, ಮೂವತ್ತು ಮನೆ. ಪರೀಕ್ಷೆಗೆ ಒಂದು ಮನೆಯ ಹೊತ್ತು ಹೋಗ್ತದೆ. ಕೊನೆಗೆ ಒಂದು ಉಳೀತದೆ. ಯಾರದ್ದು?"

ಕ್ರೇನು ಓಡಾಡುವುದು ನೀರು ಇಳಿದಾಗ ಗಟ್ಟಿಯಾಗುವ, ದಡದಂಚಿನ ಕರೆಯ ಮರಳಿನ ಮೇಲೆ ಮಾತ್ರ. ದಿನಕ್ಕೆ ಒಂದೇ ಹಗಲಿನ ಇಳಿತ, ಅದರಲ್ಲಿ ಎರಡೇ ಮನೆ. ಮೂರು ಎಂದೂ ಆದದ್ದಿಲ್ಲ. ಇನ್ನು ನೋಡುವವಳ ಮನೆ ಮತ್ತು ಎತ್ತುವವನ ಮನೆ ತಮ್ಮ ಸರದಿ ಬಂದ ವರ್ಷ ಎಲ್ಲರಿಗಿಂತ ಕೊನೆಗೆ ಹೋಗಬೇಕು, ಅದು ಹಿಂದಿನಿಂದ ಬಂದ ರೂಢಿ. ಆ ವರ್ಷ ನಮ್ಮಿಬ್ಬರ ಸರದಿಯೂ ಇತ್ತು.

"ನನ್ನದು," ಎಂದೆ. "ನಾನೊಬ್ಬಳೇ ಇರುವವಳು. ಎಲ್ಲಿಯಾದ್ರೂ ಇರ್ತೇನೆ."

ಅವರು ಮತ್ತೆ ಸರಪಳಿಗೆ ಬಗ್ಗಿದರು. "ಮರಳು ಎರಡರಷ್ಟಲ್ಲ, ಮೂರರಷ್ಟು," ಎಂದರು.

ಹಸನಬ್ಬ ಹೇಳಿದ ಎರಡು ದಿನ ನಾಲ್ಕಾಯಿತು. ಐದನೆಯ ದಿನ ಬೆಳಿಗ್ಗೆ ಮನೆ ಖಾಲಿ ಮಾಡಿದೆವು. ಹೊಲಿಗೆ ಯಂತ್ರ, ಪಾತ್ರೆ, ಬಟ್ಟೆಯ ಗಂಟು, ಕೊನೆಗೆ ಪದ್ದಕ್ಕ. ಮಂಚದ ಸಮೇತ ಆರು ಜನ ಹೊತ್ತು ಗಿರಣಿಯ ಪಕ್ಕದ ಎತ್ತರದಲ್ಲಿ ಇಳಿಸಿದರು. ನಾಲ್ಕು ವರ್ಷದಲ್ಲಿ ಅವರ ಮೈಮೇಲೆ ಬಿಸಿಲು ಪೂರ್ತಿಯಾಗಿ ಬಿದ್ದದ್ದು ಅದೇ ಮೊದಲು. ಮರಳು ತುಂಬಿಸಲು ಊರಿನ ಅರ್ಧ ಜನ ಬಂದರು, ಇನ್ನರ್ಧ ಜನ ಬೈಯಲು ಬಂದರು. ಕಟ್ಟಳೆ ಮುರಿದರೆ ನಾಳೆ ಎಲ್ಲರೂ ಕೊರೆಯುತ್ತಾರೆ ಎಂದು ಗಿರಣಿಯ ದೂಮಣ್ಣ ಕೂಗಾಡಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. "ಕೊರೆಯುವವರು ಈಗಲೂ ಕೊರೀತಾರೆ ದೂಮಣ್ಣ, ಅಡಗಿಸಿ ಕೊರೀತಾರೆ," ಎಂದೆ. ಹಾಗೆ ಹೇಳುವಾಗ ನೋಣಯ್ಯಣ್ಣನ ಮುಖ ಕೆಂಪಾದದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡೆ.

ಚೀಲಗಳು ಸೊಂಟದೆತ್ತರಕ್ಕೆ ತುಂಬಿದವು. ಎಲ್ಲರನ್ನೂ ಹಿಂದೆ ಕಳಿಸಿದೆವು. ಐತಪ್ಪಣ್ಣ ತಾವೇ ನಾಲ್ಕು ಮೂಲೆಗೂ ಏಣಿ ಹಾಕಿ ಹತ್ತಿ ಕೊಂಡಿಗಳನ್ನು ಸಿಕ್ಕಿಸಿದರು, ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಕ್ರೇನಿನ ಗೂಡಿಗೆ ಹತ್ತಿ ಕೂತ ಮೇಲೂ ಯಂತ್ರ ಗುರುಗುಟ್ಟುತ್ತಲೇ ಇತ್ತು, ಸರಪಳಿ ಮಾತ್ರ ಬಿಗಿಯಾಗಲಿಲ್ಲ. ದೂರದಿಂದ ಅವರ ಮುಖ ಕಾಣುತ್ತಿರಲಿಲ್ಲ.

ಆಮೇಲೆ ಸರಪಳಿ ಬಿಗಿಯಿತು. ಪೆಟ್ಟಿಗೆ ಒಂದು ಸಲ ನರಳಿತು. ಉಕ್ಕಿಗೆ ಭಾರ ಗೊತ್ತಾಗುವಾಗ ಹಾಗೆ ಸದ್ದು ಮಾಡುತ್ತದೆ, ಒಳ್ಳೆಯ ಪೆಟ್ಟಿಗೆಯೂ ಮಾಡುತ್ತದೆ. ಗೇಣು ಎದ್ದಿತು. ಮೊಳ ಎದ್ದಿತು. ಒಂದಾಳೆತ್ತರಕ್ಕೆ ಎದ್ದು ಅಲ್ಲೇ ನಿಂತಿತು. ನಾನು ಕಣ್ಣು ಕಿಟಕಿಯ ಕೆಳಗಿನ ಅಂಚಿನ ಮೇಲೆ ಇಟ್ಟಿದ್ದೆ. ಬಾಗುವುದಾದರೆ ಮೊದಲು ಅಲ್ಲಿ ಬಾಗಬೇಕು. ಅದು ಗೆರೆ ಎಳೆದ ಹಾಗೆ ನೇರ ಇತ್ತು.

ಮೊದಲು ಕೇಳಿದ್ದು ನಗು. ಪದ್ದಕ್ಕ ಮಂಚದ ಮೇಲೆ ಕೂತು, ಗಾಳಿಯಲ್ಲಿ ತೂಗುತ್ತಿದ್ದ ತಮ್ಮ ಮನೆಯನ್ನು ನೋಡಿ ನಗುತ್ತಿದ್ದರು. "ಅಯ್ಯೋ, ಇಷ್ಟು ಸಣ್ಣದಾ ನಮ್ಮ ಮನೆ! ಒಳಗೆ ಇರುವಾಗ ಗೊತ್ತೇ ಆಗ್ಲಿಲ್ಲ ಮಾರಾಯ್ರೆ," ಎಂದು ಗಂಡನ ತೋಳು ಅಲುಗಿಸಿದರು. ನೋಣಯ್ಯಣ್ಣನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಐತಪ್ಪಣ್ಣ ಪೆಟ್ಟಿಗೆಯನ್ನು ಬೇಗ ಇಳಿಸಲಿಲ್ಲ. ನಾನು ಕೈ ತೋರಿಸಿದ ಮೇಲೂ ಎತ್ತಿಯೇ ಹಿಡಿದಿದ್ದರು. ನೀರು ತಿರುಗಿ ಏರುವ ಹೊತ್ತು ಬರುವವರೆಗೂ ಹಿಡಿದಿದ್ದರು. ಇಳಿಸಿದ ಮೇಲೆ ಕೆಳಗೆ ಬಂದು ಕಿಟಕಿಯ ಚೌಕಟ್ಟಿನ ನಾಲ್ಕೂ ಮೂಲೆಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ನಾನು ಸೀಮೆಸುಣ್ಣ ತೆಗೆದು ಸೊನ್ನೆ ಹಾಕಿದೆ. ಅವಸರಕ್ಕೆ ಸೊನ್ನೆ ಮೊಟ್ಟೆಯ ಹಾಗಾಯಿತು. ಮರುದಿನ ಆ ಪೆಟ್ಟಿಗೆಯನ್ನು ಎಲ್ಲ ಪೆಟ್ಟಿಗೆಗಳ ಹಾಗೆ ಎತ್ತಿ, ಉತ್ತರದ ಹೊಸ ಮರಳಿನಲ್ಲಿ, ಸಾಲಿನ ಪಡುವಣದ ತುದಿಯಲ್ಲೇ ಇಟ್ಟರು. ಪದ್ದಕ್ಕನ ಕಿಟಕಿಯ ಮುಂದೆ ಸಮುದ್ರವಲ್ಲದೆ ಬೇರೇನೂ ಇರಲಿಲ್ಲ.

ಉಳಿದ ದಿನಗಳು ಎಂದಿನಂತೆ ಹೋದವು. ನಾನು ಒಂದೊಂದಾಗಿ ನನ್ನ ಮನೆಯ ಸಾಮಾನು ಹೊರಗೆ ಸಾಗಿಸಿದೆ. ಒಬ್ಬಳ ಸಾಮಾನು ಎಷ್ಟಿರುತ್ತದೆ? ಎರಡು ಪೆಟಾರಿ, ಒಂದು ಚಾಪೆ, ಅಪ್ಪನ ಕುರ್ಚಿ. ಐತಪ್ಪಣ್ಣನ ಮನೆಯನ್ನು ಹದಿನಾಲ್ಕನೆಯ ದಿನ ನೋಡಿದೆ. ಅವರ ಹೆಂಡತಿ ತೀರಿಹೋಗಿ ಐದು ವರ್ಷವಾಗಿತ್ತು. ಮಗಳನ್ನು ನದಿಯಾಚೆಯ ಊರಿಗೆ ಕೊಟ್ಟಿದ್ದರು. ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡೆ. ಒಂದೇ ಒಂದು ಚುಕ್ಕೆ ಬೆಳಕು ಇರಲಿಲ್ಲ. ರಬ್ಬರ್ ಪಟ್ಟಿ ಹೊಸತರ ಹಾಗೆ ಮೆತ್ತಗಿತ್ತು. ಅಷ್ಟು ಚೆನ್ನಾಗಿ ಇಟ್ಟುಕೊಂಡ ಪೆಟ್ಟಿಗೆಯನ್ನು ನಾನು ನೋಡಿದ್ದೇ ಕಡಿಮೆ. ಸೊನ್ನೆ ಹಾಕಿದೆ. ನನ್ನ ಮನೆಗೆ ಹಾಕಲಿಲ್ಲ. ಹಾಕಿದರೆ ಅವರಿಗೆ ಯಾವುದನ್ನು ಬಿಡುವುದೆಂಬ ಪ್ರಶ್ನೆ ಬರುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಇನ್ನು ಮೂರು ಮನೆ ಉಳಿದಿದ್ದವು. ದೂಮಣ್ಣನದು ಮೊದಲು. ಅದನ್ನು ಉತ್ತರಕ್ಕೆ ಕಳಿಸಿ, ಇಟ್ಟದ್ದು ಸರಿಯಾಗಿದೆಯೋ ಎಂದು ನೋಡಲು ಕ್ರೇನಿನ ಹಿಂದೆಯೇ ಹೋಗಿದ್ದೆ. ಕ್ರೇನು ಖಾಲಿಯಾಗಿ ತಿರುಗಿ ಹೊರಟಿತು. ನಾನು ನಡೆದುಕೊಂಡು ಬರುವಷ್ಟರಲ್ಲಿ ದಕ್ಷಿಣದ ತುದಿಯಲ್ಲಿ ಸರಪಳಿಯ ಸದ್ದು ಕೇಳಿಸಿತು. ಹತ್ತಿರ ಬಂದಾಗ ಗಾಳಿಯಲ್ಲಿ ಇದ್ದದ್ದು ನನ್ನ ಮನೆ.

ಅದರ ಬಾಗಿಲ ಮೇಲೆ ಸೊನ್ನೆ ಇತ್ತು. ನನ್ನದಲ್ಲ. ಸೀಮೆಸುಣ್ಣ ಹಿಡಿದು ಅಭ್ಯಾಸವಿಲ್ಲದ ಕೈ, ಅರ್ಧ ಸುತ್ತಿ ನಿಂತು, ಮತ್ತೆ ಯೋಚಿಸಿ ಇನ್ನರ್ಧ ಕೂಡಿಸಿದ ಸೊನ್ನೆ. ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತು. ಪಕ್ಕದಲ್ಲಿ ಐತಪ್ಪಣ್ಣನ ಮನೆಯ ಬಾಗಿಲನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು, ಇನ್ನೂ ಹಸಿ ಆರಿರಲಿಲ್ಲ.

"ಐತಪ್ಪಣ್ಣ, ಇಳಿಸಿ!" ಎಂದು ಕೂಗಿದೆ. "ನಿಮ್ಮದಕ್ಕೆ ಹಾಕಿದ್ದೆ ನಾನು!"

ಅವರು ಗೂಡಿನಿಂದ ತಲೆ ಹೊರಗೆ ಹಾಕಿದರು. "ಎಲ್ಲುಂಟು? ನನಗೆ ಕಾಣ್ತಾ ಇಲ್ಲ. ಸೊನ್ನೆ ಇಲ್ಲದ್ದನ್ನು ನಾನು ಎತ್ತುದಿಲ್ಲ, ನಿನಗೆ ಗೊತ್ತುಂಟಲ್ಲ."

ಕ್ರೇನು ಹೊರಟೇಹೋಯಿತು. ನಾನು ಅದರ ಬೆನ್ನಿಗೆ ಓಡಿದೆ, ಬೈದೆ, ಅತ್ತೆ. ಕೊನೆಗೆ ಉಸಿರು ಸಾಲದೆ ಸುಮ್ಮನೆ ಪಕ್ಕದಲ್ಲಿ ನಡೆದೆ. ಹೊಸ ಮರಳಿನಲ್ಲಿ ಮನೆ ಇಳಿಸಿ, ಕೊಂಡಿ ಬಿಚ್ಚಿ ಕೆಳಗೆ ಬಂದ ಮೇಲೆ ಅವರೇ ಮಾತೆತ್ತಿದರು.

"ನಾನು ಎತ್ತುದಿಲ್ಲ ಅಂದಾಗ ನೀನು ತಿರುಗಿ ಹೋಗಬಹುದಿತ್ತು. ಹೋಗ್ಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರತಿ ಪೆಟ್ಟಿಗೆ ಎತ್ತುವಾಗಲೂ ನಾನು ಅದನ್ನೇ ಎತ್ತುತ್ತಾ ಇದ್ದೆ ವಾರಿಜ, ಆ ಮಡಚಿದ ಪೆಟ್ಟಿಗೆಯನ್ನು. ಮೊನ್ನೆ ಅದನ್ನು ಇಳಿಸಿದೆ. ಅದಕ್ಕೆ ಒಂದು ಮನೆ ಹೋದ್ರೆ ಹೋಗ್ಲಿ."

ಇಬ್ಬರೂ ತಿರುಗಿ ದಕ್ಷಿಣಕ್ಕೆ ನಡೆದೆವು. ಅಷ್ಟು ಹೊತ್ತಿಗೆ ನೀರು ಏರತೊಡಗಿತ್ತು. ಕ್ರೇನನ್ನು ಇನ್ನು ಕರೆಯ ಮರಳಿಗೆ ಇಳಿಸುವ ಹಾಗಿರಲಿಲ್ಲ. ಅವರು ಮನೆಯನ್ನು ಮೊದಲೇ ಖಾಲಿ ಮಾಡಿಟ್ಟಿದ್ದರು. ಬಾಗಿಲು ಮುಚ್ಚಿ, ಅದರ ನಾಲ್ಕೂ ಅಗುಳಿ ಸರಳುಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿ ಮಾಡಿದರು. ಸಮುದ್ರಕ್ಕೆ ಕೊಡುವ ಪೆಟ್ಟಿಗೆಗೆ ಯಾಕೆ ಇಷ್ಟು ಜೋಪಾನವೆಂದು ನಾನು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ಅದು ಎಂದೂ ಅಬ್ಬರಿಸಿ ಬರುವುದಿಲ್ಲ, ತನ್ನ ಜಾಗಕ್ಕೆ ತಾನು ಬರುವವರ ಹಾಗೆ ಬರುತ್ತದೆ. ಪೆಟ್ಟಿಗೆಯ ಕೆಳಗಿನ ಮರಳು ಕರಗಿತು. ಪೆಟ್ಟಿಗೆ ಒಂದು ಕಡೆಗೆ ವಾಲಿತು. ಮುಳುಗುತ್ತದೆ ಎಂದು ನಾವೆಲ್ಲ ಕಾದೆವು. ಅದು ಮುಳುಗಲಿಲ್ಲ. ನೀರೊಳಗೆ ಅರ್ಧ ಇಳಿದು, ನೇರವಾಗಿ, ಮೆಲ್ಲಗೆ ಎದ್ದು ತೇಲಿತು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಸೆಳೆತ ಅದನ್ನು ದಡದಿಂದ ಬಿಡಿಸಿ, ದಿಣ್ಣೆಯ ಪಡುವಣದ ಬದಿ ಬಳಸಿ, ಉತ್ತರದ ಕಡೆಗೆ ಒಯ್ದಿತು. ಗಿರಣಿಯ ಹತ್ತಿರ ದಿಣ್ಣೆ ಬಾಗುವ ತಿರುವಿನಾಚೆ ಹೋದ ಮೇಲೆ ನಮಗೆ ಕಾಣಲಿಲ್ಲ.

"ಒಳ್ಳೆ ಪೆಟ್ಟಿಗೆ," ಎಂದರು ಐತಪ್ಪಣ್ಣ. ದನಿಯಲ್ಲಿ ದುಃಖವಿತ್ತೋ ಹೆಮ್ಮೆಯಿತ್ತೋ ಹೇಳುವುದು ಕಷ್ಟ. ಹೊಸ ಪೆಟ್ಟಿಗೆ ಬರುವವರೆಗೆ, ಅಂದರೆ ಮುಂದಿನ ಒಂದೂಮುಕ್ಕಾಲು ವರ್ಷ, ಅವರು ನನ್ನ ಮನೆಯ ಅರ್ಧದಲ್ಲಿ ಇದ್ದರು. ನಡುವೆ ನೋಣಯ್ಯಣ್ಣ ಹೊಲಿದುಕೊಟ್ಟ ದಪ್ಪ ಬಟ್ಟೆಯ ಪರದೆ. ದೂಮಣ್ಣ ಹೇಳಿದ ಹಾಗೇ ಜನ ಕಿಟಕಿ ಕೊರೆಯಲು ಬಂದರು. ಮೊದಲು ಚೌಕಟ್ಟು, ಆಮೇಲೆ ಕೊರೆಯುವುದು, ಪರೀಕ್ಷೆ ಮಳೆಗೆ ಮೊದಲೇ, ಹುಣ್ಣಿಮೆಗೆ ಕಾಯುವಂತಿಲ್ಲ ಎಂದು ಕಟ್ಟಳೆ ತಿದ್ದಿದೆವು. ಮೂರನೆಯ ಕಿಟಕಿ ದೂಮಣ್ಣನ ಗಿರಣಿಯದು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಅಮಾವಾಸ್ಯೆಯ ಸಂಜೆ ನಾನೂ ಐತಪ್ಪಣ್ಣನೂ ಅವರ ಗಂಟು ಹೊತ್ತು ಹೊಸ ಸಾಲಿಗೆ ಬಂದಾಗ ನೋಣಯ್ಯಣ್ಣನ ಮನೆಯ ಮುಂದೆ ಜನ ಸೇರಿದ್ದರು. ಬಾಗಿಲಲ್ಲಿ ಅಲ್ಲ, ಪಡುವಣದ ಬದಿಯಲ್ಲಿ, ಕಿಟಕಿಯ ಕೆಳಗೆ. ಪದ್ದಕ್ಕ ದಿಂಬಿಗೆ ಒರಗಿ ಕೂತು ಮಾತಾಡುತ್ತಿದ್ದರು. ಊರಿಗೆ ಊರೇ ದಕ್ಷಿಣದ ತುದಿಯಲ್ಲಿ ನಿಂತು ಸಮುದ್ರ ನೋಡುತ್ತಿದ್ದಾಗ ಉತ್ತರದಲ್ಲಿ ಇದ್ದದ್ದು ಅವರೊಬ್ಬರೇ. ತಿರುವು ದಾಟಿದ ಮೇಲೆ ಆ ಪೆಟ್ಟಿಗೆಗೆ ಏನಾಯಿತೆಂದು ಅವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಐತಪ್ಪಣ್ಣನನ್ನು ಕಂಡು ಜನ ದಾರಿ ಬಿಟ್ಟರು. ಅವರು ಕಿಟಕಿಯ ಹತ್ತಿರ ಹೋಗಿ, ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತರು.

"ಪದ್ದಕ್ಕ," ಎಂದರು, "ಎತ್ಲಾಗಿ ಹೋಯ್ತು ನನ್ನ ಮನೆ?"

ಪದ್ದಕ್ಕ ಕಿಟಕಿಯ ಅಂಚಿಗೆ ಕೈಯೂರಿ ಸ್ವಲ್ಪ ಮೇಲಕ್ಕೆ ಜರುಗಿ ಕೂತರು, ಗಂಡನಿಗೆ ದಿಂಬು ಸರಿಮಾಡಲು ಸನ್ನೆ ಮಾಡಿದರು. ಆಮೇಲೆ ಬೆರಳು ನೀಡಿ ದೂರದ ನೀರಿನಲ್ಲಿ ಒಂದು ಜಾಗ ತೋರಿಸಿದರು.

"ನಿಧಾನ ಕೇಳಿ ಐತಪ್ಪಣ್ಣ, ಮೊದಲಿನಿಂದ ಹೇಳ್ತೇನೆ," ಎಂದರು. "ಮೊದ್ಲು ನನಗೆ ಅದು ತಿಮಿಂಗಿಲ ಅಂತ ಕಂಡಿತು."